ಸಂಘದ ಗೋಡೆಯ ಮಣ್ಣು

ಆ ಸಂಜೆ ಲಿಂಗಸಾಮಿ ಮಗ್ಗದಿಂದ ಬಂದವನೇ ಹೆಂಡತಿಗೆ ಬೆನ್ನು ತೋರಿಸಿ ನಿಂತ. ಬನಿಯನ್ನಿನ ತುಂಬ ಕೆಂಪು ಮಣ್ಣು.

“ಕಣ್ಣಮ್ಮಾ, ವೆಂಕಟಾಚಲಣ್ಣನ ಸಿಮೆಂಟ್ ನೋಡೇ. ಒಗೆದ್ರೆ ಹೋಯ್ತದೆ.”

“ಅವರ ಮುಂದೆ ಹೇಳಿ, ನೋಡಾಣ.”

“ಹೇಳ್ದೆ. ಗೋಡೆಗೆ ಒರಗ್ಬೇಡಾ ಅಂದ್ರು.”

ಇಬ್ಬರೂ ನಕ್ಕರು. ತಮಿಳುನಾಡಿನ ಮಡತ್ತುಕುಳಂನಲ್ಲಿ ಕನ್ನಡ ನೇಕಾರರ ಸಂಘಕ್ಕೆ ವೆಂಕಟಾಚಲಂ ತಲೈವರ್, ಅಂದರೆ ಅಧ್ಯಕ್ಷ. ಸಂಘಕ್ಕೆ ಬಂದ ಸಿಮೆಂಟನ್ನು ತನ್ನ ಮನೆಗೆ ಸಾಗಿಸಿ, ಸಂಘದ ಮಗ್ಗದ ಕೊಟ್ಟಿಗೆಯ ಇಟ್ಟಿಗೆ ಗೋಡೆಗಳನ್ನು ಮಣ್ಣಿನಲ್ಲೇ ಕಟ್ಟಿಸಿ ತೆಳ್ಳಗೆ ಸುಣ್ಣ ಬಳಿಸಿದ್ದ. ಊರಿಗೆಲ್ಲ ಗೊತ್ತಿತ್ತು.

೧೯೮೬ರ ಐಪ್ಪಸಿ ತಿಂಗಳ ಜಡಿಮಳೆ. ಮರುದಿನ ಬೆಳಗ್ಗೆ ಗೋಡೆ ಬಿತ್ತು. ಗುಂಡಿಗೆ ಕಾಲು ಇಳಿಬಿಟ್ಟು ಕೂತು ನೇಯುವ ಕುಳಿಮಗ್ಗ; ಲಿಂಗಸಾಮಿಯ ಕಾಲು ಗುಂಡಿಯೊಳಗಿತ್ತು. ಎದ್ದು ಓಡಲು ಆಗದೆ ಅಲ್ಲೇ ಸತ್ತ.

ಸಾವಾದ ಮಗ್ಗವನ್ನು ಮಣ್ಣಿನಡಿ ಬಿಡಬಾರದು ಎಂಬುದು ನೇಕಾರರ ನಂಬಿಕೆ. ಮೂರನೆಯ ದಿನ ಕಣ್ಣಮ್ಮ ಇಟ್ಟಿಗೆ, ಮಣ್ಣು ಎಲ್ಲ ಹೊತ್ತು ಕಾಲುವೆಗೆ ಸುರಿದಳು. ನೆಲ ಸಾರಿಸಿ, ಗುಂಡಿಯ ಪಕ್ಕ ದೀಪ ಇಟ್ಟಳು. ಉಳಿದ ಗೋಡೆಗಳೂ ಬಿದ್ದಾವೆಂಬ ಭಯಕ್ಕೆ ಸಂಘದವರೇ ಅವನ್ನು ಕೆಡವಿ, ಅದೇ ಕಾಲುವೆಗೆ ಸುರಿದು, ತೆಂಗಿನ ಗರಿಯ ತಟ್ಟಿ ಕಟ್ಟಿದರು.

ಎಂಟನೆಯ ದಿನ ಎಲ್ಲರೂ ಗುಡಿಯ ಮುಂದೆ ಕೂಡಿ, ಕೈಯೆತ್ತಿ ವೆಂಕಟಾಚಲಂನನ್ನು ಇಳಿಸಿದರು. ತಲೈವರಿಗೆ ಸಲ್ಲುವ ಗುಡಿಯ ಮೊದಲ ವೀಳ್ಯದ ಮರ್ಯಾದೆಯೂ ಇನ್ನು ಅವನಿಗಿಲ್ಲ. ಅವನು ಟವಲ್ ಕೊಡವಿಕೊಂಡು ಹೋದ.

ಕಣ್ಣಮ್ಮ ಸಂಘದ ಹಿರಿಯ ನಂಜಪ್ಪನ್‌ನನ್ನು ಕೇಳಿದಳು.

“ಪೊಲೀಸಿಗೆ ಯಾವಾಗ ಹೋಗೋದು ಮಾಮಾ?”

“ಪದವೀನೇ ಕಿತ್ಕೊಂಡ್ವಲ್ಲಮ್ಮಾ. ಮಾನ ಇರೋನ್ಗೆ ಇದಕ್ಕಿಂತ ದೊಡ್ಡ ದಂಡನೆ ಏನಿದೆ?”

“ಕುರ್ಚಿ ನಿಮ್ಮದು, ತಗೊಂಡ್ರಿ. ಸತ್ತೋನು ನನ್ನೋನು. ಅದನ್ನ ಯಾರು ಕೇಳ್ತಾರೆ?”

ಅವಳೊಬ್ಬಳೇ ಠಾಣೆಗೆ ಹೋದಳು.

ಇನ್ಸ್‌ಪೆಕ್ಟರ್ ಬಂದು ಸಾರಿಸಿದ ನೆಲದ ಮೇಲೆ ನಿಂತ. ತಮಿಳಿನಲ್ಲಿ ಕೇಳಿದ: “ಬಿದ್ದ ಗೋಡೆ ಎಲ್ಲಮ್ಮಾ?”

“ತೆಗೆದ್ವು ಸಾಮಿ.”

“ಸಿಮೆಂಟ್ ಇರಲಿಲ್ಲ ಅಂತ ಕೋರ್ಟಿಗೆ ಏನು ತೋರಿಸಲಿ?”

“ಊರೇ ಸೇರಿ ಅವನನ್ನ ಇಳಿಸಿತಲ್ಲ?”

“ಅದು ನಿಮ್ಮ ಓಟು. ಸಾಕ್ಷಿ ಅಲ್ಲ. ಆ ಮಣ್ಣು ಯಾರು ತೆಗೆದದ್ದು?”

ಕಣ್ಣಮ್ಮ ತನ್ನ ಎರಡು ಕೈಗಳನ್ನು ನೋಡಿಕೊಂಡಳು.

ಕಾಲುವೆಗೆ ಓಡಿದಳು. ಇಟ್ಟಿಗೆಗಳು ಇದ್ದವು. ನಡುವಿನ ಮಣ್ಣನ್ನು ನೀರು ತೊಳೆದುಬಿಟ್ಟಿತ್ತು.

ಮಳೆಗೆ ಗೋಡೆ ಬಿತ್ತು ಎಂದು ಬರೆದು ಕೇಸು ಮುಚ್ಚಿದರು. ಸಂಕ್ರಾಂತಿಯ ತೈ ತಿಂಗಳಲ್ಲಿ ವೆಂಕಟಾಚಲಂ ಬಸ್‌ಸ್ಟ್ಯಾಂಡ್ ಹತ್ತಿರ ನೂಲಿನ ಅಂಗಡಿ ಇಟ್ಟ. ಇಳಿಸಿದವರೇ ಅವನ ಹತ್ತಿರ ನೂಲು ಕೊಂಡರು.

ಈಗಲೂ ಬೆಳಗಾದರೆ ಕಣ್ಣಮ್ಮ ಮಗ್ಗದ ಗುಂಡಿ ಗುಡಿಸುತ್ತಾಳೆ. ಸಂದಿಯಿಂದ ಒಂದೊಂದು ದಿನ ಕೆಂಪು ಮಣ್ಣಿನ ಹರಳು ಬರುತ್ತದೆ. ಕಸದ ಜೊತೆ ಎಸೆಯುವುದಿಲ್ಲ. ಆರಿಸಿ, ಮಡಕೆಗೆ ಹಾಕಿ, ನೀರು ತಾಗದಂತೆ ಮುಚ್ಚಿಡುತ್ತಾಳೆ.