ಕೊಳವೆಯ ಕೊರಳಿಗೆ ಮಾಬುಬಿಯ ಕಣ್ಣು

ಇಬ್ರಾಹಿಂಪುರದ ರೈಲು ಹಳಿಯಾಚೆ ಇನ್ನೂ ಬೆಳಕು ಹರಿದಿಲ್ಲ. ಮುರ್ತುಜಾಸಾಬರು ಹಿತ್ತಲಲ್ಲಿ ಇದ್ದಿಲ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಹಾರಿಸಿ ಖಾಲಿಯಾದ ತೋಟಾದ ಹಿತ್ತಾಳೆ ಕೊಳವೆಯನ್ನು ಇಕ್ಕಳದಲ್ಲಿ ಹಿಡಿದು, ಅದರ ಕೊರಳನ್ನಷ್ಟೇ ಕೆಂಡಕ್ಕೆ ತೋರಿಸುತ್ತಾರೆ. ಹೆಂಡತಿ ಮಾಬುಬಿ ಪಕ್ಕದಲ್ಲಿ ರೆಪ್ಪೆ ಬಡಿಯದೆ ನೋಡುತ್ತಾರೆ. ಹಿತ್ತಾಳೆ ಮಂಕಾಗಿ ಕೆಂಪೇರಿದ್ದೇ ತಡ, "ಸಾಕ್ರೀ, ತಗೀರಿ!" ಎನ್ನುತ್ತಾರೆ. ಕೊಳವೆ ಚುಂಯ್ ಎಂದು ನೀರಿಗೆ ಬೀಳುತ್ತದೆ. ಆ ಕೆಂಪು ಕತ್ತಲಲ್ಲಷ್ಟೇ ಕಾಣುವಂಥದ್ದು. ಬಿಸಿಲು ಬಿತ್ತೆಂದರೆ ಕೆಲಸ ಬಂದ್.

ವಿಜಾಪುರ ಪೇಟೆಯ ಪರವಾನಗಿ ಪಡೆದ ಬಂದೂಕಿನ ಅಂಗಡಿಯಲ್ಲಿ ಮುರ್ತುಜಾಸಾಬರು ಮೀಸೆ ಚಿಗುರಿದಾಗಿನಿಂದಲೂ ಕೆಲಸಗಾರರು. ರೈಫಲ್ ಕ್ಲಬ್ಬಿನವರ ಖಾಲಿ ಕೊಳವೆಗಳಿಗೆ ಮತ್ತೆ ಮದ್ದು ತುಂಬಿ ಗುಂಡು ಕೂರಿಸುವುದು ಅವರ ಕಸುಬು. ಪದಕ ಗೆದ್ದವರ ಫೋಟೊ ಪೇಪರಿನಲ್ಲಿ ಬರುತ್ತದೆ. ಇವರದು ಬಂದಿಲ್ಲ, ಬಿಡಿ.

"ಕೊಳವಿ ಕೊರಳು ಗುಂಡನ್ನ ಹಿಡಿಯೋ ಹಿಡಿತ ಎಲ್ಲಾದ್ರಾಗೂ ಒಂದ ಇರಬೇಕ್ರಿ. ಒಂದು ಬಿಗಿ, ಒಂದು ಸಡ್ಲ ಆತಂದ್ರ ಒಂದು ಗುಂಡು ಮ್ಯಾಲ, ಇನ್ನೊಂದು ಕೆಳಗ. ಹೊಡಿಯಾಂವ ಏನ್ ಮಾಡ್ಯಾನು? ಹಾರಿಸಿದಷ್ಟೂ ಹಿತ್ತಾಳಿ ಬಿರುಸಾಗತೈತಿ. ಅದಕ್ಕ ಹದಾ ನೋಡಿ ಕಾಸಿ, ಮೆತ್ತಗ ಮಾಡಬೇಕು. ಹದಾ ಮೀರಿ ಕಾದ್ರ ಕೊರಳು ಸಡ್ಲ ಆಗತೈತಿ."

ಹೋದ ವರ್ಷ ಆ ಹದವೇ ತಪ್ಪಿತು. ಬಬಲೇಶ್ವರದ ರೈತ ಸಿದ್ದರಾಯ ಇವರು ತುಂಬಿಕೊಟ್ಟ ತೋಟಾ ಒಯ್ದು ರಾಜ್ಯಮಟ್ಟದ ಶೂಟಿಂಗ್ ಸ್ಪರ್ಧೆಗೆ ಹೋಗಿ ಬರಿಗೈಲಿ ಬಂದ. ಗುರಿಕಾಗದದ ತುಂಬ ತೂತುಗಳು ಚೆಲ್ಲಾಪಿಲ್ಲಿ. ನಿನ್ನ ಕೈಯೇ ನಡುಗಿದೆ ಎಂದು ಮುರ್ತುಜಾಸಾಬರು ಅವನನ್ನೇ ಬೈದರು. ಆಮೇಲೊಂದು ನಸುಕಿನಲ್ಲಿ ಮಾಬುಬಿ ಹಿತ್ತಲಿಗೆ ಬಂದು ನೋಡಿದರೆ, ಕೊಳವೆ ನಿಗಿನಿಗಿ ಹೊಳೆಯುತ್ತಿದ್ದರೂ ಗಂಡ ತೆಗೆಯುತ್ತಿಲ್ಲ. ಕಣ್ಣಿಗೆ ಪೊರೆ ಬಂದಿತ್ತು.

"ಕುಣೀಲಾರದಾಕಿ ನೆಲ ಡೊಂಕಂದಂಗ ಆತ್ರಿ ನಂದು," ಎನ್ನುವಾಗ ಮುರ್ತುಜಾಸಾಬರ ದನಿ ಇಳಿಯುತ್ತದೆ. ಅಂದೇ ಬಸ್ಸು ಹಿಡಿದು ಬಬಲೇಶ್ವರಕ್ಕೆ ಹೋಗಿ ತಪ್ಪು ಒಪ್ಪಿಕೊಂಡರು. ಸಿದ್ದರಾಯ ಸಿಟ್ಟಾಗಲಿಲ್ಲ. "ಕಾಕಾ, ಬರೂ ವರ್ಷನೂ ನೀವ ತುಂಬಬೇಕ್ ನೋಡ್ರಿ" ಎಂದ.

ಅಂದಿನಿಂದ ಒಲೆಯ ಮುಂದೆ ಕಣ್ಣು ಮಾಬುಬಿಯದು. ಅಂಗಡಿಯಲ್ಲಿ ಗುಂಡು ಕೂರಿಸುವ ಯಂತ್ರದ ಹಿಡಿ ಒತ್ತುವಾಗ ಮುರ್ತುಜಾಸಾಬರ ಅಂಗೈಯೇ ಸಾಕು. ಚೂರು ಬಿಗಿ ಎನಿಸಿತೋ, ಸಡಿಲ ಎನಿಸಿತೋ, ಆ ತೋಟಾ ಪಕ್ಕಕ್ಕೆ.

"ಕಣ್ಣು ಮಂಜಾದ್ರ ಕೈನೂ ಮಂಜಾಗತೈತೇನ್ರಿ?"

ಸಿದ್ದರಾಯ ಈ ವಾರ ಮತ್ತೆ ಸ್ಪರ್ಧೆಗೆ ಹೊರಟಿದ್ದಾನೆ. ಪದಕ ಬರಬಹುದೇ ಎಂದು ಕೇಳಿದರೆ ಮುರ್ತುಜಾಸಾಬರು ತೋರುಬೆರಳನ್ನು ಹೆಬ್ಬೆರಳಿಗೆ ಮೆಲ್ಲಗೆ ಉಜ್ಜುತ್ತಾರೆ.

"ಪದಕ ಅವನ ಮನ್ಯಾಗಿರಲಿ. ಆ ತೂತು ಬಿದ್ದ ಕಾಗದ ತಂದು ನನ್ನ ಕೈಯಾಗ ಇಡ್ಲಿ. ಬೆರಳಾಡಿಸಿ ನೋಡ್ತೀನಿ."