ದಿಂಬಿನ ಕೆಳಗಿನ ಚಪಾತಿ

ಬಟಾಣಿ ಗಿಡದ ವಿಷಯದಲ್ಲಿ ನನಗೆ ಯಾವತ್ತೂ ಅನುಮಾನ ಬಂದಿಲ್ಲ. ಎತ್ತರದವು ಮೂರಾದರೆ ಗಿಡ್ಡದ್ದು ಒಂದು ಎಂದು ಜಯನಗರದ ಕಾಲೇಜೊಂದರಲ್ಲಿ ವರ್ಷಗಟ್ಟಲೆ ಜೀವಶಾಸ್ತ್ರದಲ್ಲಿ ಅನುವಂಶೀಯತೆಯ ಪಾಠ ಮಾಡಿದೆ. ಮಗಳ ದಿಂಬಿನ ಕೆಳಗೆ ಸಿಗುತ್ತಿದ್ದ ಒಣಗಿದ ಚಪಾತಿಯ ಮುಂದೆ ಮಾತ್ರ ಆ ಪಾಠವೆಲ್ಲ ಠುಸ್ಸಾಯಿತು.

ನಾವು ದತ್ತು ತಂದಾಗ ಅವಳಿಗೆ ಎರಡು ವರ್ಷ. ಅದಕ್ಕೆ ಮೊದಲು ಹೊಟ್ಟೆಗೆ ಸರಿಯಾಗಿ ಸಿಕ್ಕಿರಲಿಲ್ಲ ಎಂದಷ್ಟೇ ಗೊತ್ತು. ಹನುಮಂತನಗರದ ನಮ್ಮ ಮನೆಯಲ್ಲಿ ಊಟಕ್ಕೇನೂ ಕೊರತೆಯಿರಲಿಲ್ಲ. ಆದರೂ ಉಂಡು ಕೈ ತೊಳೆದ ಮೇಲೆ ಏನಾದರೊಂದನ್ನು ಎತ್ತಿ ಬಚ್ಚಿಡುತ್ತಿದ್ದಳು. ತಿನ್ನುತ್ತಿರಲಿಲ್ಲ, ಇದ್ದರೆ ಸಾಕಿತ್ತು. ಮುದ್ದು ಮಾಡಿ ಹೇಳಿದೆ, ಗದರಿದೆ, ಒಮ್ಮೆ ಸಿಟ್ಟಿನಲ್ಲಿ ಅಡುಗೆಮನೆಗೇ ಬೀಗ ಜಡಿದೆ. ಆ ವಾರ ಬಟ್ಟೆ ಬೀರುವಿನಲ್ಲಿ ಅನ್ನ ಸಿಕ್ಕಿತು.

"ಹುಟ್ಟುಗುಣ ಸುಟ್ರೂ ಹೋಗಲ್ಲ ಕಣೇ," ಎಂದರು ನನ್ನ ಅತ್ತೆ.

ಹುಟ್ಟಿನದಲ್ಲ, ಹಸಿವಿನದು ಎಂದು ವಾದಿಸಿದೆ. ಗೆದ್ದೆ ಕೂಡ. ಗೆದ್ದು ಏನು ಬಂತು? ರಕ್ತವಾಗಲಿ ಹಸಿವಾಗಲಿ, ಅವಳು ನನ್ನ ಕೈಗೆ ಬರುವ ಮೊದಲೇ ತನ್ನ ಕೆಲಸ ಮುಗಿಸಿತ್ತು.

ಅವಳಿಗೆ ಒಂಬತ್ತಾಗಿದ್ದಾಗ ಜೆ.ಪಿ. ನಗರದಲ್ಲಿ ನನ್ನ ನಾದಿನಿಯ ಹೊಸ ಮನೆಯ ಗೃಹಪ್ರವೇಶ. ಅಷ್ಟು ಜನ ನೆಂಟರು ಸೇರುವಲ್ಲಿ ಅವಳೂ ಮನೆಯವಳೇ ಅನ್ನಿಸಿಕೊಳ್ಳಲಿ ಎಂದು ನನಗೆ ಆಸೆ. ಇವತ್ತೊಂದು ದಿನ ಬೇಡ ಎಂದು ಹೊರಡುವಾಗ ಅಂಗಲಾಚಿದೆ. ಆಯ್ತು ಎಂದು ತಲೆಯಾಡಿಸಿದಳು.

ಊಟ ಮುಗಿಸಿ ಏಳುವಾಗ ಅವಳ ಲಂಗದ ಮಡಿಕೆಯಿಂದ ಎರಡು ಒಬ್ಬಟ್ಟು ಎಲ್ಲರೆದುರು ನೆಲಕ್ಕೆ ಬಿದ್ದವು. ಯಾರೂ ಬೈಯಲಿಲ್ಲ. ನಾದಿನಿ, ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಹ್ಯಾಂಡ್‌ಬ್ಯಾಗನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು, ಅಷ್ಟೇ. ನಾನು ಬಗ್ಗಿ ಒಬ್ಬಟ್ಟುಗಳನ್ನು ಎತ್ತಿಕೊಂಡೆ.

ವಾಪಸ್ ಬರುವಾಗ ಆಟೋ ಸಾರಕ್ಕಿ ಸಿಗ್ನಲ್‌ನಲ್ಲಿ ಬಹಳ ಹೊತ್ತು ನಿಂತಿತು.

"ಯಾಕೆ ಪುಟ್ಟಿ ಹಾಗೆ ಮಾಡಿದೆ?"

"ಗೊತ್ತಿಲ್ಲಮ್ಮ. ಕೈ ಹೋಗ್ಬಿಡತ್ತೆ." ಹೊರಗೆ ನೋಡುತ್ತಾ ಕೂತವಳು ಆಮೇಲೆ ಕೇಳಿದಳು, "ಅತ್ತೆ ಯಾಕೆ ಬ್ಯಾಗ್ ತಗೊಂಡ್ರು?"

ಅವಳು ಅದನ್ನು ನೋಡಿರಲಾರಳು ಎಂದುಕೊಂಡಿದ್ದೆ. "ಮನೆಗೆ ಹೊರಟಿದ್ರೇನೋ," ಎಂದುಬಿಟ್ಟೆ.

"ಅದೇ ಅಲ್ವಾಮ್ಮ ಅವರ ಮನೆ?"