ಮೇಕೆಯ ಪಾಲಾದ ನುಗ್ಗೆಸೊಪ್ಪು

ನಾನು ಚಿಕ್ಕವಳಿದ್ದಾಗ, ಅಂದರೆ ಎಂಟು ವರ್ಷದವಳು, ಈಗ್ಗೆ ಅರವತ್ತು ವರ್ಷದ ಮಾತು, ದಿನಾ ಸಂಜೆ ನನಗೆ ಒಂದೇ ಕೆಲಸ: ನನಗಿಂತ ದೊಡ್ಡವಳಾದ ಅಕ್ಕನ ಕೈ ಹಿಡಿದು ಮನೆಗೆ ಎಳೆದುಕೊಂಡು ಬರುವುದು. ಹಗಲಲ್ಲಿ ಶೇಂಗಾ ಬಿಡಿಸುವುದರಲ್ಲಿ ಅವಳೇ ಮುಂದು. ಹೊತ್ತು ಮುಳುಗಿತೆಂದರೆ ಕಲ್ಲು, ಗೂಟ, ಮಲಗಿದ ನಾಯಿ, ಎಲ್ಲವನ್ನೂ ಎಡವುತ್ತಿದ್ದಳು. ಮನೆಯಲ್ಲಿ ಎಲ್ಲರೂ ಬೈಯುವವರೇ.

ಅವತ್ತು ಕೊಂಡ್ಲಹಳ್ಳಿಯ ನಮ್ಮ ಮನೆ ತುಂಬ ಹುರುಳಿ ಸಾರಿನ ಘಮ. ಅಕ್ಕ ಒಳಗೆ ಬಂದವಳೇ ಇಳಿಸಿಟ್ಟ ಗಡಿಗೆಯನ್ನು ಒದ್ದಳು. ಸಾರೆಲ್ಲ ನೆಲದ ಪಾಲಾಯಿತು.

“ಕಣ್ಣೇನು ಹಿತ್ತಲಾಗೆ ಇಟ್ಟು ಬಂದೀಯೇನೇ?” ಅವ್ವ ಕಿರುಚಿದಳು.

“ಕತ್ತಲಾದ್ರೆ ಏನೂ ಕಾಣಲ್ಲ ಕಣವ್ವ.”

“ಯಾರದೋ ದೃಷ್ಟಿ ತಾಗೈತೆ. ನಾಳೆ ಕಣ್ಣಿಗೆ ಸೊಪ್ಪಿನ ರಸ ಬಿಡಿಸ್ಕೊಂಡು ಬರ್ತೀನಿ” ಎಂದ ಅಪ್ಪ.

ನಮ್ಮ ಓಣಿಯ ಮುದುಕನೊಬ್ಬ ಅದೇ ರಸ ಬಿಡಿಸಿಕೊಂಡು, ಕಣ್ಣು ಹುಣ್ಣಾಗಿ, ನಡುಹಗಲಲ್ಲೂ ಗೋಡೆ ತಡವುತ್ತಿದ್ದ. ಅದನ್ನು ದಿನಾ ನೋಡಿಯೂ ಈ ಮಾತು!

ಪಕ್ಕದ ಮನೆಯ ಬಾಣಂತಿಯನ್ನು ನೋಡಲು ಬಂದಿದ್ದ ನರ್ಸಮ್ಮ ಗಲಾಟೆ ಕೇಳಿ ಬಂದರು. ಅಕ್ಕನ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು. ಏನು ತಿನ್ನುತ್ತಾಳೆ ಎಂದು ಕೇಳಿದರು. ಮುದ್ದೆ, ಹುರುಳಿ ಸಾರು, ಅದಿಲ್ಲದಿದ್ದರೆ ಖಾರ ಎಂದಳು ಅವ್ವ.

“ಇದು ಇರುಳುಗುರುಡು. ಸೊಪ್ಪು, ಹಾಲು ಇಲ್ದೆ ಬರೋದು. ಹಿಂಗೇ ಬಿಟ್ರೆ ಕಣ್ಣುಗುಡ್ಡೆ ಒಣಗಿ ಹಗಲೂ ಕಾಣಲ್ಲ. ರಸ ಗಿಸ ಬಿಟ್ಟೀರಿ ಮತ್ತೆ! ನಾಳೆ ಆಸ್ಪತ್ರೆಗೆ ಕರ್ಕೊಂಡು ಬರ್ರಿ, ಔಷಧಿ ಕುಡಿಸ್ತೀನಿ.”

ಆಮೇಲೆ ಬ್ಯಾಟರಿ ಹಿತ್ತಲಿಗೆ ತಿರುಗಿತು. ನಮ್ಮ ಮೇಕೆ ನುಗ್ಗೆಸೊಪ್ಪು ಮೇಯುತ್ತಿತ್ತು. ನಮ್ಮಲ್ಲಿ ಕಾಯಿ ಮನುಷ್ಯರಿಗೆ, ಸೊಪ್ಪು ಮೇಕೆಗೆ.

“ಇದನ್ನ ತಿನ್ಸಿ” ಎಂದರು ನರ್ಸಮ್ಮ.

“ಮೇಕೆ ತಿನ್ನೋದ ನಾವು ತಿನ್ನಬೇಕೇನ್ರಿ?” ಅಂದ ಅಪ್ಪ.

“ಮೇಕೆಗೆ ಕತ್ತಲಾಗೂ ಕಣ್ಣು ಕಾಣುತ್ತೆ. ನಿಮ್ಮ ಮಗಳಿಗೆ ಕಾಣಲ್ಲ.”

ಎಷ್ಟೋ ದಿನ ಸೊಪ್ಪು ತಿಂದು, ಔಷಧಿ ಕುಡಿದು ಅಕ್ಕ ಸರಿಹೋದಳು. ಇವತ್ತಿಗೂ ಕರೆಂಟು ಹೋದರೆ ನನಗಿಂತ ಮುಂದೆ ನಡೆಯುತ್ತಾಳೆ.

ಈಗ ಮೊಮ್ಮಕ್ಕಳಾದ ನಿಮ್ಮನ್ನೇ ನೋಡಿ. ಅಂಗನವಾಡಿಯವರು ಮನೆ ಬಾಗಿಲಿಗೆ ಬಂದು ಕರೆದು ಕಣ್ಣಿನ ಔಷಧಿ ಕುಡಿಸುತ್ತಾರೆ. ನನಗೆ ಪೊರೆ ಬಂದಾಗ ಚಳ್ಳಕೆರೆಗೆ ಹೋಗಿ ತೋರಿಸಿದೆ, ಆಪರೇಷನ್ ಆಯಿತು, ಈಗ ಸೂಜಿಗೆ ದಾರ ನಾನೇ ಪೋಣಿಸುತ್ತೇನೆ. ನಮ್ಮಜ್ಜಿ ಅದೇ ಪೊರೆ ಇಟ್ಟುಕೊಂಡೇ ಸತ್ತಳು. ಇಷ್ಟೆಲ್ಲ ಇದ್ದೂ ನೀವು ಮೊಬೈಲ್ ನೋಡುತ್ತಾ ತಟ್ಟೆಯ ಸೊಪ್ಪನ್ನು ಬೆರಳಲ್ಲಿ ಅಂಚಿಗೆ ತಳ್ಳುತ್ತೀರಿ. ನನಗೆ ಮೈಯೆಲ್ಲ ಉರಿಯುತ್ತದೆ.

ಅವತ್ತು ನರ್ಸಮ್ಮ ಹೇಳಿ ಹೋದ ಮೇಲೆ ನಾನೇನು ಮಾಡಿದೆ ಗೊತ್ತೇ? ಮಾರನೆಯ ಬೆಳಿಗ್ಗೆ, ಅಪ್ಪ ಅಕ್ಕನನ್ನು ಆಸ್ಪತ್ರೆಗೆ ಹೊರಡಿಸುವ ಮೊದಲೇ, ನುಗ್ಗೆಮರ ಹತ್ತಿ ಕೊಂಬೆ ಮುರಿದೆ. ಕೆಳಗೆ ಮೇಕೆ ಕತ್ತು ಚಾಚಿ ಕಾಯುತ್ತಿತ್ತು. ಇಳಿದು ಅದರ ಮೂತಿಗೆ ಒಂದೇಟು ಕೊಟ್ಟು, ಸೊಪ್ಪನ್ನು ಅವ್ವನ ಮೊರಕ್ಕೆ ಸುರಿದೆ.